ಟಿವಿ ಸೆಂಚುರಿ 21: ಗೊಂಬೆ ಸರಣಿಗಳ ಕಾಮಿಕ್ಸನ್ನು ಕಾಲಕ್ರಮಕ್ಕೆ ಜೋಡಿಸಿದ ಬಗೆ

ಜೆರ್ರಿ ಮತ್ತು ಸಿಲ್ವಿಯಾ ಆಂಡರ್ಸನ್ ಅವರ ಗೊಂಬೆ ಸರಣಿಗಳಾದ ಫೈರ್‌ಬಾಲ್ ಎಕ್ಸ್‌ಎಲ್5, ಸ್ಟಿಂಗ್‌ರೇ, ಥಂಡರ್‌ಬರ್ಡ್ಸ್, ಕ್ಯಾಪ್ಟನ್ ಸ್ಕಾರ್ಲೆಟ್ ಟಿವಿಯಲ್ಲಿ ಬಹುಮಟ್ಟಿಗೆ ತಮ್ಮ ಪಾಡಿಗೆ ತಾವು ಓಡಿದವು. ಅವೆಲ್ಲ ಒಂದೇ ಲೋಕದ ಕಥೆಗಳು ಎಂಬಂತೆ ಹೆಣೆದದ್ದು ಬ್ರಿಟನ್ನಿನ ಮಕ್ಕಳ ವಾರಪತ್ರಿಕೆ ಟಿವಿ ಸೆಂಚುರಿ 21. ಆ ಹೆಣಿಗೆಯನ್ನು ಹಿಡಿದು ಓದಬೇಕಾದರೆ ಒಂದು ಪಟ್ಟಿ ಬೇಕೇ ಬೇಕು. ನನ್ನ ಪಟ್ಟಿಗೆ ಪತ್ರಿಕೆಯ ತಾರೀಖೇ ಬೆನ್ನೆಲುಬು. ಟಿವಿ ಕಂತುಗಳು ಅದರ ಪಕ್ಕದಲ್ಲಿ ಬರುತ್ತವೆ. ತಿರುವುಮುರುವು ಮಾಡಿದರೆ ಥಂಡರ್‌ಬರ್ಡ್ಸಿನ ಪಾತ್ರವಾದ ಲೇಡಿ ಪೆನೆಲೊಪಿಯಲ್ಲೇ ಸಿಕ್ಕಿಬೀಳುತ್ತೀರಿ. ಆಕೆಯ ಚಿತ್ರಕಥೆ 1965ರ ಜನವರಿಯ ಮೊದಲ ಸಂಚಿಕೆಯಲ್ಲೇ ಶುರುವಾಗಿದೆ, ಥಂಡರ್‌ಬರ್ಡ್ಸ್ ಟಿವಿಗೆ ಬಂದದ್ದು ಸೆಪ್ಟೆಂಬರ್ 30ಕ್ಕೆ.

ಮೊದಲ ಸಂಚಿಕೆ 1965ರ ಜನವರಿ 23, ಶನಿವಾರದ್ದು. ಮುಖಪುಟದಲ್ಲಿ ಅಚ್ಚಾದ ವರ್ಷ ಮಾತ್ರ 2065. ನೂರು ವರ್ಷ ಮುಂದಿನ ದಿನಪತ್ರಿಕೆಯ ವೇಷ ಅದು: ಗೊಂಬೆಗಳ ಫೋಟೊ, ದಪ್ಪ ತಲೆಬರಹ, ಒಳಗಿನ ಚಿತ್ರಕಥೆಯಲ್ಲಿ ನಡೆಯುವುದೇ ಸುದ್ದಿ. ಸ್ಪ್ರೆಡ್‌ಶೀಟಿನಲ್ಲಿ ಸಂಚಿಕೆ ಸಂಖ್ಯೆಯಿಂದ 1 ಕಳೆದು, 7ರಿಂದ ಗುಣಿಸಿ, ಬಂದದ್ದನ್ನು ಆ ಶನಿವಾರಕ್ಕೆ ಕೂಡಿಸಿದರೆ ಅಸಲು ತಾರೀಖು ಸಿಗುತ್ತದೆ. ತಾಳೆ ನೋಡಲು ಎರಡು ಗುರುತುಗಳಿವೆ. ಫ್ರಾಂಕ್ ಬೆಲ್ಲಮಿ ಚಿತ್ರ ಬಿಡಿಸಿದ ಥಂಡರ್‌ಬರ್ಡ್ಸ್ ನಡುಪುಟಗಳಲ್ಲಿ ಶುರುವಾಗುವ 52ನೇ ಸಂಚಿಕೆ 1966ರ ಜನವರಿ 15ಕ್ಕೆ ಬೀಳಬೇಕು. ಹಿಂಬದಿ ಪುಟದ, 'ಡಾಕ್ಟರ್ ಹೂ' ಸರಣಿಯಿಂದ ಬಂದ ಡಾಲೆಕ್‌ಗಳ ಕಥೆ ಮುಗಿಯುವ 104ನೇ ಸಂಚಿಕೆ 1967ರ ಜನವರಿ 14ಕ್ಕೆ.

ಭವಿಷ್ಯದ ತಾರೀಖನ್ನು ಬೇರೆ ಕಾಲಂನಲ್ಲಿ, ಬರೀ ಅಕ್ಷರವಾಗಿ ಇಡಿ. ನೂರು ವರ್ಷಕ್ಕೆ 36525 ದಿನ. 7ರಿಂದ ಭಾಗಿಸಿದರೆ 6 ಉಳಿಯುತ್ತದೆ. ಅಂದರೆ 2065ರ ಜನವರಿ 23 ಶುಕ್ರವಾರ. ಶನಿವಾರಗಳನ್ನು ಮಾತ್ರ ಸೋಸಿ ತೆಗೆಯುವ ಫಿಲ್ಟರ್ ಹಾಕಿದ್ದರೆ ಸಾಲುಗಳೆಲ್ಲ ಮಾಯ. ಅಧಿಕ ವರ್ಷದ ಭಯ ಬೇಡ, 1968ರ ಹಾಗೆ 2068ಕ್ಕೂ ಫೆಬ್ರವರಿ 29 ಇದೆ.

ಟಿವಿ ಕಂತುಗಳನ್ನು ಪ್ರಸಾರದ ಕ್ರಮದಲ್ಲಿ ಸೇರಿಸಬಾರದು, ತಯಾರಾದ ಕ್ರಮದಲ್ಲಿ ಸೇರಿಸಬೇಕು. ಬ್ರಿಟನ್ನಿನ ಖಾಸಗಿ ಟಿವಿ ಜಾಲವಾದ ಐಟಿವಿಯ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ದಿನ ಪ್ರಸಾರ ಆಗಿದೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಕಥೆಯ ಕೊಂಡಿ: ಥಂಡರ್‌ಬರ್ಡ್ಸಿನ 'ದಿ ಪೆರಿಲ್ಸ್ ಆಫ್ ಪೆನೆಲೊಪಿ' ಕಂತು ಸನ್ ಪ್ರೋಬ್ ರಾಕೆಟ್ಟಿನ ಉಡಾವಣೆಯಿಂದ ಶುರುವಾಗುತ್ತದೆ, ಆದರೆ 'ಸನ್ ಪ್ರೋಬ್' ಕಂತು ಪ್ರಸಾರವಾದದ್ದು ಅದಾದ ಎಷ್ಟೋ ವಾರಗಳ ಮೇಲೆ. ತಯಾರಾದ ಕ್ರಮದಲ್ಲಿ ಈ ತೊಡಕೇ ಇಲ್ಲ. ಇಸವಿಗಳ ಜಗಳ ಬೇರೆ. ಥಂಡರ್‌ಬರ್ಡ್ಸಿನದೇ 'ಗಿವ್ ಆರ್ ಟೇಕ್ ಎ ಮಿಲಿಯನ್' ಕಂತಿನ ಕ್ಯಾಲೆಂಡರ್ 2026 ಅನ್ನುತ್ತದೆ, ಪತ್ರಿಕೆ 2065ರಿಂದ ಲೆಕ್ಕ ಹಿಡಿಯುತ್ತದೆ. ಕ್ಯಾಪ್ಟನ್ ಸ್ಕಾರ್ಲೆಟ್ ಟಿವಿಯಲ್ಲಿ 2068ರ ಕಥೆ, 1967ರ ಸಂಚಿಕೆಗಳಲ್ಲಿ 2067ರದ್ದು. ನಾನು ಪತ್ರಿಕೆಯ ಪರ. ಟಿವಿಯ ಇಸವಿ ಷರಾ ಕಾಲಂಗೆ ಹೋಗುತ್ತದೆ, ಸಾಲು ಅಲುಗುವುದಿಲ್ಲ.

ಕ್ರಾಸ್‌ಓವರ್ (ಒಂದು ಸರಣಿಯದು ಇನ್ನೊಂದರಲ್ಲಿ ಬರುವುದು) ಎಂದು ಸುಮ್ಮನೆ ಟಿಕ್ ಹಾಕುತ್ತ ಹೋದರೆ ಹೆಚ್ಚುಕಡಿಮೆ ಎಲ್ಲ ಸಂಚಿಕೆಗೂ ಟಿಕ್ ಬೀಳುತ್ತದೆ. ಅದಕ್ಕೇ ದರ್ಜೆ ಕೊಡುತ್ತೇನೆ. ಮುಖಪುಟದ ಸುದ್ದಿಯಲ್ಲಿ ಹೆಸರು ಮಾತ್ರ ಬಂದರೆ 1. ವರ್ಲ್ಡ್ ಗವರ್ನಮೆಂಟ್ ಆಗಲಿ, ಶತ್ರುದೇಶ ಬೆರೆಜ್ನಿಕ್ ಆಗಲಿ ಕಥೆಯೊಳಗೇ ಕೆಲಸ ಮಾಡಿದರೆ 2. ಒಂದು ಸರಣಿಯ ಪಾತ್ರವೇ ಇನ್ನೊಂದರ ಚೌಕಟ್ಟಿನೊಳಗೆ ಕಾಲಿಟ್ಟರೆ 3. ಓದಲು ಕೂತಾಗ 2 ಮತ್ತು 3 ಸಾಕು. ಡಾಲೆಕ್ ಪುಟ ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಆಂಡರ್ಸನ್ ಲೋಕದ್ದಲ್ಲ, ಬೇರೆ ಹಾಳೆಯಲ್ಲಿಡಿ.

ಇನ್ನು ಸ್ಕ್ಯಾನ್. ನಡುಪುಟದ ಜೋಡಿ ಎ4 ಗಾಜಿಗೆ ಹಿಡಿಸುವುದಿಲ್ಲ, ಎ3 ಗಾಜಿಗೂ ಪೂರ್ತಿ ಕೂರುವುದಿಲ್ಲ. ತುಂಡುತುಂಡಾಗಿ ತೆಗೆಯುವಾಗ ಪಕ್ಕದ ತುಂಡುಗಳು ಮೂರು ಸೆಂಟಿಮೀಟರಿನಷ್ಟು ಒಂದರ ಮೇಲೊಂದು ಬರಲಿ. ಹಾಳೆಯನ್ನು ಪಕ್ಕಕ್ಕೆ ಸರಿಸಿ, ತಿರುಗಿಸಬೇಡಿ: ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ, ತಿರುಗಿಸಿದ ತುಂಡಿನಲ್ಲಿ ಮಡಿಕೆಯ ನೆರಳು ಎದುರು ದಿಕ್ಕಿಗೆ ಬಿದ್ದು ಜೋಡಣೆ ಎದ್ದು ಕಾಣುತ್ತದೆ. ಆಟೊ ಎಕ್ಸ್‌ಪೋಶರ್ ಆಫ್ ಮಾಡಿ, ಇಲ್ಲವಾದರೆ ಒಂದೊಂದು ತುಂಡಿಗೂ ಒಂದೊಂದು ಬಣ್ಣ. ಹಾಳೆ ತೆಳು, ಹಿಂದಿನ ಪುಟ ಮುಂದಕ್ಕೆ ಇಣುಕುತ್ತದೆ. ಬೆನ್ನಿಗೆ ಕಪ್ಪು ರಟ್ಟು ಇಟ್ಟರೆ ಅದು ಬಹಳ ಮಟ್ಟಿಗೆ ಅಡಗುತ್ತದೆ.

ಇದು ಫೋಟೊಗ್ರೇವ್ಯೂರ್ ಮುದ್ರಣ. ಅಕ್ಷರವೂ ಸಣ್ಣ ಸಣ್ಣ ಶಾಯಿಗುಳಿಗಳಿಂದಲೇ ಮೂಡಿದ್ದು, ಭೂತಗನ್ನಡಿಯಲ್ಲಿ ಅಂಚು ಗರಗಸದಂತೆ ಕಾಣುತ್ತದೆ. 300 ಡಿಪಿಐಯಲ್ಲಿ ತೆಗೆದರೆ ಆ ಜಾಲರಿ ಅಲೆಅಲೆಯಾಗಿ ಎದ್ದು ಕೂರುತ್ತದೆ. 600ರಲ್ಲಿ ತೆಗೆದು, ಟಿಫ್ ಫೈಲಾಗಿ ಉಳಿಸಿ, ತುಂಡು ಜೋಡಿಸಿದ ಮೇಲಷ್ಟೇ 300ಕ್ಕೆ ಇಳಿಸುತ್ತೇನೆ. ಶಾರ್ಪನ್ ಹಾಕಿದರೆ ಗರಗಸ ಇನ್ನೂ ಚೂಪಾಗುತ್ತದೆ, ಹಾಗಾಗಿ ಅದನ್ನು ಮುಟ್ಟುವುದೇ ಇಲ್ಲ. ಕಾಗದವನ್ನು ಅಚ್ಚ ಬಿಳಿ ಮಾಡುವ ಆಸೆಯೂ ಬೇಡ. ಹಳದಿ ತೆಗೆಯಲು ಹೋದರೆ ಬೆಲ್ಲಮಿಯ ಸ್ಫೋಟಗಳ ಹಳದಿಯೂ ಅದರ ಜೊತೆಗೇ ಹೋಗುತ್ತದೆ.

ವಾರ್ಷಿಕ ಪುಸ್ತಕಗಳಿಗೂ ಬೇಸಿಗೆ ವಿಶೇಷಾಂಕಗಳಿಗೂ ವಾರದ ತಾರೀಖಿಲ್ಲ. ಅವನ್ನು ಊಹೆಯಿಂದ ನಡುವೆ ತುರುಕದೆ ಆಯಾ ವರ್ಷದ ಕೊನೆಯ ಸಾಲಿನ ಕೆಳಗೆ ಹಾಕುತ್ತೇನೆ.