ಒಂದೇ ಕಂಪನಿ, ಎರಡು ವಿಭಾಗಗಳ ಕರೆ: ಒಂದನ್ನು ಒಪ್ಪುವುದು, ಇನ್ನೊಂದನ್ನು ಬಿಡುವುದು

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ನೀವು ಪ್ರೊಡಕ್ಷನ್‌ನಲ್ಲಿದ್ದೀರಿ ಎಂದುಕೊಳ್ಳಿ. ಐಜೆಪಿಯಲ್ಲಿ (ಖಾಲಿ ಹುದ್ದೆಗೆ ಕಂಪನಿಯ ಒಳಗಿನವರಿಂದಲೇ ಅರ್ಜಿ ಕರೆಯುವ ವ್ಯವಸ್ಥೆ) ಎರಡು ಕಡೆ ಅರ್ಜಿ ಹಾಕಿದ್ದಿರಿ. ಅದೇ ಆವರಣದ ಕ್ವಾಲಿಟಿ ವಿಭಾಗದಿಂದಲೂ ಬೆಂಗಳೂರು ಕಚೇರಿಯ ಸಪ್ಲೈ ಚೈನ್ ತಂಡದಿಂದಲೂ ಒಂದೇ ವಾರದಲ್ಲಿ ‘ಸೆಲೆಕ್ಟ್ ಆಗಿದ್ದೀರಿ’ ಎಂದು ಫೋನ್ ಬಂತು. ಹೊರಗಿನ ಕಂಪನಿಯಾಗಿದ್ದರೆ ಬೇಡವೆಂದು ಮೇಲ್ ಹಾಕಿ ಮರೆತುಬಿಡಬಹುದಿತ್ತು. ಇಲ್ಲಿ ನೀವು ಬೇಡವೆಂದ ಮ್ಯಾನೇಜರ್ ನಾಳೆಯೂ ಅದೇ ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಎರಡು ವರ್ಷದ ನಂತರ ನಿಮ್ಮ ಬಡ್ತಿಯ ಮಾತು ಬಂದಾಗ ಮೇಜಿನ ಆ ಕಡೆ ಅವರೇ ಇರಬಹುದು.

ಮೊದಲನೆಯದು: ಫೋನಿನಲ್ಲೇ ಹೂಂ ಅನ್ನಬೇಡಿ. ‘ತುಂಬಾ ಸಂತೋಷ ಸರ್, ವಿವರ ಮೇಲ್‌ನಲ್ಲಿ ಕಳಿಸಿದರೆ ನೋಡಿ ಹೇಳ್ತೀನಿ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆ ಮೇಲ್‌ನಲ್ಲಿ ಹುದ್ದೆಯ ಹೆಸರು, ಗ್ರೇಡ್, ಸಂಬಳದ ವಿಂಗಡಣೆ, ಕೆಲಸದ ಜಾಗ, ಶಿಫ್ಟ್, ಯಾರಿಗೆ ರಿಪೋರ್ಟ್ ಮಾಡಬೇಕು, ಸೇರುವ ದಿನ, ಇಷ್ಟೂ ಇರಬೇಕು. ಹುದ್ದೆಗೆ ಬಜೆಟ್ ಮಂಜೂರಾಗಿದೆಯೇ ಎಂದೂ ಕೇಳಿ. ಮಾರ್ಚ್ 31ರೊಳಗೆ ತುಂಬದ ಹುದ್ದೆ ಹೊಸ ಆರ್ಥಿಕ ವರ್ಷದಲ್ಲಿ ಉಳಿಯದೇ ಹೋಗಬಹುದು. ಬಾಯಿಮಾತಿನ ಆಫರ್ ನಂಬಿ ಬರಹದಲ್ಲಿದ್ದ ಇನ್ನೊಂದನ್ನು ಬಿಟ್ಟವರು ಕೊನೆಗೆ ಎರಡನ್ನೂ ಕಳೆದುಕೊಳ್ಳುವುದು ಇಲ್ಲೇ.

ಅದೇ ದಿನ ಇಬ್ಬರಿಗೂ ಇನ್ನೊಂದು ಕರೆಯ ವಿಷಯ ತಿಳಿಸಿ. ಮುಚ್ಚಿಟ್ಟು ಪ್ರಯೋಜನವಿಲ್ಲ, ಎರಡೂ ಫೈಲು ಕೂರುವುದು ಒಂದೇ ಎಚ್‌ಆರ್ ಮೇಜಿನ ಮೇಲೆ. ‘ಸರ್, ಸಪ್ಲೈ ಚೈನ್‌ನಿಂದಲೂ ಕರೆ ಬಂದಿದೆ. ಶುಕ್ರವಾರ ಸಂಜೆಯೊಳಗೆ ಖಚಿತವಾಗಿ ಹೇಳ್ತೀನಿ’, ಅಷ್ಟು ಸಾಕು. ಮೂರರಿಂದ ಐದು ಕೆಲಸದ ದಿನ ಕೇಳುವುದು ನ್ಯಾಯ. ಎರಡು ವಾರ ಎಳೆದರೆ ಪಟ್ಟಿಯಲ್ಲಿ ಎರಡನೆಯವರಾಗಿರುವವರನ್ನು ಕರೆಯುತ್ತಾರೆ.

ಈಗ ಲೆಕ್ಕ. ಇಲ್ಲಿ ಅವಸರ ಬೇಡ, ಕಾಗದ ಪೆನ್ನು ಹಿಡಿದು ಕೂತುಕೊಳ್ಳಿ. ಬೆಂಗಳೂರಿನದು ಸಿಟಿಸಿಯಲ್ಲಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 96,000 ರೂಪಾಯಿ ಹೆಚ್ಚು, ಅಂದರೆ ತಿಂಗಳಿಗೆ 8,000 ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ 10 ವೇರಿಯಬಲ್ ಪೇ, ಅಂದರೆ ಸಾಧನೆ ನೋಡಿ ಆಮೇಲೆ ಕೊಡುವ ಭಾಗ ಆದರೆ 800 ರೂಪಾಯಿ ಪ್ರತಿ ತಿಂಗಳು ಕೈಗೆ ಬರುವುದಿಲ್ಲ. ಬೇಸಿಕ್ (ಮೂಲ ವೇತನ) 4,000 ಏರಿದರೆ ಪಿಎಫ್‌ಗೆ ಕಂಪನಿಯ ಪಾಲು ಶೇ 12, ನಿಮ್ಮ ಪಾಲು ಶೇ 12, ಒಟ್ಟು 960. ಗ್ರಾಚ್ಯುಟಿಯನ್ನೂ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಹಣ) ಸಿಟಿಸಿಗೆ ಸೇರಿಸಿದ್ದರೆ ಬೇಸಿಕ್‌ನ ಶೇ 4.81, ಅಂದರೆ ಸುಮಾರು 192. ಉಳಿದದ್ದು 6,048, ಅದೂ ತೆರಿಗೆಗೆ ಮುಂಚೆ. (ಪಿಎಫ್ ಅನ್ನು 15,000 ರೂಪಾಯಿ ವೇತನದ ಮಿತಿಗಷ್ಟೇ ಲೆಕ್ಕಹಾಕಿ, 1,800 ರೂಪಾಯಿಗೆ ಕಟ್ಟಿಹಾಕಿರುವ ಕಂಪನಿಯಾದರೆ ಆ 960 ಕಡಿತವಾಗುವುದಿಲ್ಲ. ನಿಮ್ಮ ಸಂಬಳದ ಚೀಟಿ ನೋಡಿಕೊಳ್ಳಿ.) ಈಗ ರಾತ್ರಿ ಪಾಳಿಗೆ 200ರಂತೆ ತಿಂಗಳಿಗೆ ಹತ್ತು ಪಾಳಿ ಮಾಡುತ್ತಿದ್ದೀರಾದರೆ ಜನರಲ್ ಶಿಫ್ಟ್‌ಗೆ ಹೋದಾಗ 2,000 ಹೋಯಿತು. ಉಳಿದ ನಾಲ್ಕು ಸಾವಿರದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟಬೇಕು, ಇಲ್ಲಿದ್ದ ಕಂಪನಿ ಬಸ್ಸು ಮತ್ತು ಕ್ಯಾಂಟೀನ್ ಊಟದ ಬದಲು ಜೇಬಿನಿಂದ ತೆರಬೇಕು. ಮನೆಬಾಡಿಗೆ ಭತ್ಯೆಯ ವಿನಾಯಿತಿ ಇದೆಯಲ್ಲ ಎಂದು ಸಮಾಧಾನಪಡಬೇಡಿ, ಹೊಸ ತೆರಿಗೆ ಪದ್ಧತಿಯಲ್ಲಿ ಅದಿಲ್ಲ. ಎಕ್ಸ್‌ಪ್ರೆಸ್‌ವೇ ಬಂದಿದೆ, ದಿನಾ ಓಡಾಡ್ತೀನಿ ಅನ್ನುವವರು ಮಂಡ್ಯದಿಂದಾದರೂ ಹೋಗಿಬರುವುದು ಇನ್ನೂರು ಕಿಲೋಮೀಟರ್ ಆಗುತ್ತದೆ ಎಂಬುದನ್ನು ಮರೆಯಬಾರದು.

ಹಾಗೆಂದು ಲೆಕ್ಕದಲ್ಲಿ ಸೋತದ್ದೆಲ್ಲ ಬೇಡವಾದ ಕೆಲಸವಲ್ಲ. ಗ್ರೇಡ್ ಒಂದು ಮೆಟ್ಟಿಲು ಏರುತ್ತಿದ್ದರೆ ಅದು ಮುಂದಿನ ಪ್ರತಿ ಇನ್‌ಕ್ರಿಮೆಂಟಿಗೂ ಅಡಿಪಾಯ. ಅದೇ ಗ್ರೇಡಿನಲ್ಲಿ ಹೆಸರಷ್ಟೇ ದೊಡ್ಡದಾಗುತ್ತಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಆ ಹುದ್ದೆ ಯಾಕೆ ಖಾಲಿಯಾಯಿತು ಎಂದು ಆ ತಂಡದಲ್ಲೇ ಇರುವವರನ್ನು ಕೇಳಿ. ಹೊರಗಿನವರಿಗೆ ಸಿಗದ ಈ ಅನುಕೂಲ ನಿಮಗಿದೆ, ಆದರೂ ಹೆಚ್ಚಿನವರು ಬಳಸುವುದಿಲ್ಲ.

ಚೌಕಾಸಿಯ ಬಗ್ಗೆ ಒಂದು ಮಾತು. ಒಂದು ವಿಭಾಗದ ಮೊತ್ತ ತೋರಿಸಿ ಇನ್ನೊಂದರಿಂದ ಸಂಬಳ ಏರಿಸಿಕೊಳ್ಳುವುದು ಒಳಗಿನ ಆಫರ್‌ಗಳಲ್ಲಿ ಅಪರೂಪಕ್ಕೆ ನಡೆಯುತ್ತದೆ. ಗ್ರೇಡಿಗೆ ತಕ್ಕ ಸಂಬಳದ ಮಿತಿ ಮೊದಲೇ ನಿಗದಿಯಾಗಿರುತ್ತದೆ. ಕೇಳಿದರೆ ಸಿಗುವಂಥವು ಬೇರೆ: ಸೇರುವ ದಿನ, ಪಾಳಿ, ತರಬೇತಿ, ವಾರಕ್ಕೆ ಎರಡು ದಿನ ಮೈಸೂರು ಘಟಕದಿಂದಲೇ ಕೆಲಸ, ಮನೆ ಸಾಗಿಸುವ ಖರ್ಚು.

ಈಗಿನ ಮ್ಯಾನೇಜರಿಗೆ ವಿಷಯ ನಿಮ್ಮ ಬಾಯಿಂದಲೇ ಮೊದಲು ತಿಳಿಯಲಿ. ರಿಲೀಸ್ ಕೊಡಬೇಕಾದವರು ಅವರು. ರಿಲೀಸ್‌ನ ದಿನಾಂಕ, ಯಾರಿಗೆ ಕೆಲಸ ಒಪ್ಪಿಸಬೇಕು ಎಂಬುದು ಮೇಲ್‌ನಲ್ಲಿ ಬರಲಿ. ‘ಇನ್ನೊಬ್ಬರು ಬಂದ ಮೇಲೆ ಬಿಡ್ತೀವಿ’ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ. ವರ್ಷದ ನಡುವೆ ಹೋಗುತ್ತಿದ್ದರೆ ಅಲ್ಲಿಯವರೆಗಿನ ಕೆಲಸಕ್ಕೆ ರೇಟಿಂಗ್ ಯಾರು ಕೊಡುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ದುಡಿದದ್ದು ಹೊಸ ಮ್ಯಾನೇಜರಿಗೆ ಗೊತ್ತಿರುವುದಿಲ್ಲ.

ಬೇಡವೆನ್ನುವುದನ್ನು ಮೊದಲು ಎದುರಿಗೆ ಹೋಗಿ ಅಥವಾ ಫೋನಿನಲ್ಲಿ ಹೇಳಿ, ಮೇಲ್ ಆಮೇಲೆ. ಆದರೆ ಒಪ್ಪಿದ ಕಡೆಯಿಂದ ಬರಹ ಕೈಗೆ ಬಂದ ಮೇಲೆಯೇ. ಒಂದೇ ಕಾರಣ ಕೊಡಿ, ಅದು ನಿಜವಾಗಿರಲಿ: ‘ಮೇಡಂ, ಅಪ್ಪ ಅಮ್ಮ ಮಂಡ್ಯದಲ್ಲಿದ್ದಾರೆ, ಸದ್ಯಕ್ಕೆ ಬೆಂಗಳೂರಿಗೆ ಬರಲಾಗುವುದಿಲ್ಲ. ನನ್ನನ್ನು ಆರಿಸಿದ್ದಕ್ಕೆ ಕೃತಜ್ಞತೆ.’ ಅವರ ತಂಡದ ಕುಂದುಕೊರತೆ ಎತ್ತಬೇಡಿ. ಪೋರ್ಟಲ್‌ನಲ್ಲಿರುವ ಆ ಅರ್ಜಿಯನ್ನು ಅದೇ ದಿನ ವಾಪಸ್ ತೆಗೆಯಿರಿ.

ಎರಡರಲ್ಲಿ ಒಂದು ಅದೇ ಗುಂಪಿನ ಬೇರೆ ಕಂಪನಿಯದ್ದಾಗಿದ್ದರೆ ಮಾತ್ರ ಇನ್ನೂ ಎಚ್ಚರ ಬೇಕು. ಹೆಸರು ಒಂದೇ ಇದ್ದರೂ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ಬೇರೆ. ರಾಜೀನಾಮೆ ಬರೆಸಿಕೊಂಡು ಹೊಸ ನೇಮಕಾತಿ ಪತ್ರ ಕೊಟ್ಟರೆ, ಗ್ರಾಚ್ಯುಟಿಗೆ ಬೇಕಾದ ಐದು ವರ್ಷದ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ನಾಲ್ಕು ವರ್ಷ ತುಂಬಿಸಿದವರಿಗೆ ಇದು ದೊಡ್ಡ ನಷ್ಟ. ‘ಹಿಂದಿನ ಸೇವೆ ಮುಂದುವರಿಯುತ್ತದೆ’ ಎಂಬ ಸಾಲು ಪತ್ರದಲ್ಲಿ ಇರಲೇಬೇಕು. ಯುಎಎನ್ (ಪಿಎಫ್‌ಗೆ ನಿಮ್ಮ ಕಾಯಂ ಸಂಖ್ಯೆ) ಬದಲಾಗುವುದಿಲ್ಲ, ಆದರೆ ಪಿಎಫ್ ಸದಸ್ಯತ್ವದ ಸಂಖ್ಯೆ ಹೊಸದಾದರೆ ಹಳೆಯ ಹಣ ವರ್ಗವಾಗಿದೆಯೇ ಎಂದು ಎರಡು ತಿಂಗಳೊಳಗೆ ಪಾಸ್‌ಬುಕ್‌ನಲ್ಲಿ ನೋಡಿ. ಹೊಸ ಜಾಗದ ಮೊದಲ ಸಂಬಳದ ಚೀಟಿ ಬಂದ ದಿನ ಸೇರಿದ ದಿನಾಂಕ, ಗ್ರೇಡ್, ಬಾಕಿ ರಜೆ ಇವು ಮೂರನ್ನೂ ಹಳೆಯ ಚೀಟಿಯ ಪಕ್ಕದಲ್ಲಿಟ್ಟು ಸರಿನೋಡಿ, ತಪ್ಪಿದ್ದರೆ ಆ ತಿಂಗಳಲ್ಲೇ ಎಚ್‌ಆರ್‌ಗೆ ಬರೆಯಿರಿ.