ಅಜ್ಜನ ಕೋವಿಗೆ ಹಿಡಿದಿದ್ದ ತುಕ್ಕು

ಕೈಲ್ ಮುಹೂರ್ತ, ಅಂದರೆ ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ, ಅದರ ಪೂಜೆಗೆ ಇಡೋಣ ಅಂತ ಅಜ್ಜನ ಜೋಡುನಳಿಗೆ ಕೋವಿ ತೆಗೆದರೆ ಹೊಟ್ಟೆ ಚುರ್ ಅಂದಿತು. ನಳಿಗೆ ತುಂಬ ಕೆಂಪು ತುಕ್ಕು. ಜೋಪಾನವಾಗಿರಲಿ ಅಂತ ಚರ್ಮದ ಚೀಲದಲ್ಲಿಟ್ಟಿದ್ದೆ, ತಪ್ಪಾಗಿದ್ದೇ ಅಲ್ಲಿ. ನಮ್ಮ ಕೊಡಗಿನ ಮಳೆಗೆ ಚರ್ಮ ತೇವ ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ.

ಒಳಗೆ ತೋಟಾ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ತೀರಾ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಉಪ್ಪುಕಾಗದ ಬೇಡವೇ ಬೇಡ, ಹಳೆಯ ಬಣ್ಣವೇ ಎದ್ದುಹೋಗುತ್ತದೆ. ಒರೆಸಿದ ಬಟ್ಟೆ ಕಂದಾಗುತ್ತಾ ಹೋಯಿತು, ಅಡಿಯಿಂದ ಕಡುನೀಲಿ ಕಾಣಿಸಿತು. ಎಷ್ಟು ಖುಷಿಯಾಯಿತು! ನಳಿಗೆಯ ಒಳಗೆ ಗುಳಿ ಬಿದ್ದಿದೆಯಾ ಅಂತ ಕೋವಿ ರಿಪೇರಿಯವರು ನೋಡುವ ತನಕ ತೋಟಾ ಹಾಕಲಿಲ್ಲ.

ಈಗ ಚೀಲ ಇಲ್ಲ. ತೆಳ್ಳಗೆ ಎಣ್ಣೆ ಸವರಿ, ಒಣ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು ಅಲ್ವಾ, ಅದಕ್ಕೇ ಕೋವಿಯನ್ನು ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ದೆ.