ಕುರಿಯ ಮೆದುಳು ಕೊಯ್ದು ಮನುಷ್ಯನ ಮೆದುಳು ಕಲಿಸುವ ಬಗೆ: ನನ್ನ ಅನುಭವ

ಚಿತ್ರ ನೋಡಿ ಮೆದುಳು ಕಲಿತವರಿಗೆ ಹೆಸರುಗಳು ಬರುತ್ತವೆ, ಜಾಗಗಳು ಬರುವುದಿಲ್ಲ. ಇಂದ್ರಿಯಗಳ ಸುದ್ದಿ ಹಾಯುವ ಥಲಾಮಸ್ ಎಷ್ಟು ಆಳದಲ್ಲಿದೆ, ತಳದ ಹಾರ್ಮೋನು ಗ್ರಂಥಿಯಾದ ಪಿಟ್ಯೂಟರಿಗೆ ಅಂಟಿಕೊಂಡಂತೆ ಏನು ಹಾದುಹೋಗುತ್ತದೆ ಎಂಬುದು ಕೈಯಾರೆ ಕೊಯ್ದಾಗಲೇ ಮನಸ್ಸಿನಲ್ಲಿ ನಿಲ್ಲುವುದು. ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಇದಕ್ಕೆ ಬಳಸುವುದು ಕುರಿಯ ಮೆದುಳನ್ನು. ಮನುಷ್ಯನ ಮೆದುಳು ಸುಮಾರು 1300–1400 ಗ್ರಾಂ ತೂಗಿದರೆ ಇದು 100 ಗ್ರಾಂ ಆಚೀಚೆ. ಆದರೂ ಭಾಗಗಳು ಹೆಚ್ಚುಕಡಿಮೆ ಅವೇ.

ಮಾಂಸದಂಗಡಿಯಲ್ಲಿ ಮೊದಲೇ ಹೇಳಿಡಬೇಕು: ತಲೆ ಸುಡಬಾರದು, ಸೀಳಬಾರದು, ಅಂದೇ ಕೊಯ್ದ ಕುರಿಯದಾಗಿರಬೇಕು. ಹಸಿ ಮೆದುಳು ಗಟ್ಟಿ ಮೊಸರಿನಷ್ಟು ಮೆತ್ತಗಿರುತ್ತದೆ. ಸೆಕೆಯಲ್ಲಿ ಕೆಲವೇ ಗಂಟೆ ಬಿಟ್ಟರೂ ಎತ್ತುವಾಗ ಕುಸಿಯುತ್ತದೆ.

ಕಣ್ಣುಗುಳಿಗಳ ಮೇಲಿನಿಂದ ಹಿಂದೆ ಬೆನ್ನುಹುರಿ ಹೊರಡುವ ರಂಧ್ರದವರೆಗೆ ಬುರುಡೆಯ ಸುತ್ತ ಸಣ್ಣ ಹಲ್ಲಿನ ಗರಗಸ ಆಡಿಸುತ್ತೇನೆ. ಮೂಳೆ ಪೂರ್ತಿ ಕತ್ತರಿಸುವ ಮೊದಲೇ ನಿಲ್ಲಿಸಿ, ಉಳಿದುದನ್ನು ಉಳಿಯಿಂದ ಮೀಟಿ ಬಿಡಿಸಬೇಕು. ಒಳಗಿನ ಗಟ್ಟಿ ಪೊರೆ ಡ್ಯೂರಾ ಮೇಟರ್. ಮೇಲಿನ ದೊಡ್ಡ ಭಾಗವಾದ ಮಹಾಮಸ್ತಿಷ್ಕಕ್ಕೂ ಹಿಂದಿನ ಸಣ್ಣ ಭಾಗವಾದ ಅನುಮಸ್ತಿಷ್ಕಕ್ಕೂ ನಡುವೆ ಇದರದೇ ಒಂದು ಮಡಿಕೆ ಇಳಿದಿರುತ್ತದೆ. ಅದರ ಅಂಚು ಕತ್ತರಿಸದೆ ಎತ್ತಿದರೆ ಅನುಮಸ್ತಿಷ್ಕ ಹರಿದು ಬುರುಡೆಯಲ್ಲೇ ಉಳಿಯುತ್ತದೆ. ಮೊದಲು ಬೆನ್ನುಹುರಿ ಕತ್ತರಿಸಿ, ಹಿಂದಿನಿಂದ ಮುಂದಕ್ಕೆ ಎತ್ತುತ್ತಾ, ನರಗಳನ್ನು ಮೂಳೆಗೆ ತಾಗಿದಂತೆ ಕತ್ತರಿಸಿದರೆ ತುದಿಗಳು ಮೆದುಳಿನ ಕಡೆ ಉದ್ದ ಉಳಿಯುತ್ತವೆ. ಹೆಚ್ಚಾಗಿ ಕಳೆದುಹೋಗುವುದು ಪಿಟ್ಯೂಟರಿ. ಅದು ತಳದ ಮೂಳೆಯ ಗುಳಿಯಲ್ಲಿ ಡ್ಯೂರಾದ ಹೊದಿಕೆಯೊಳಗೆ ಕೂತಿರುತ್ತದೆ, ತೊಟ್ಟು ತೀರಾ ಸಣ್ಣದು. ಗುಳಿಯ ಸುತ್ತ ಡ್ಯೂರಾವನ್ನು ಕೊರೆದು ಬಿಡಿಸಿಯೇ ಎತ್ತಬೇಕು.

ಇನ್ನು ಗಟ್ಟಿಮಾಡುವುದು. ಅಂಗಡಿಯ ಫಾರ್ಮಲಿನ್ (ಫಾರ್ಮಾಲ್ಡಿಹೈಡ್ ಕರಗಿದ ನೀರು) 100 ಮಿಲಿಗೆ 900 ಮಿಲಿ ನೀರು. ದ್ರವ ಮೆದುಳಿನ ಗಾತ್ರದ ಹತ್ತು ಪಟ್ಟಾದರೂ ಇರಲಿ. ಅಗಲ ಬಾಯಿಯ ಡಬ್ಬಿಯ ತಳಕ್ಕೆ ದಪ್ಪ ಹತ್ತಿ ಹಾಸದಿದ್ದರೆ ಒಂದು ಮಗ್ಗುಲು ಚಪ್ಪಟೆಯಾಗಿ ಹಾಗೇ ಗಟ್ಟಿಯಾಗುತ್ತದೆ. ಮರುದಿನ ರಕ್ತ ಬೆರೆತ ದ್ರವ ಬದಲಿಸಿ, ಎರಡು ವಾರ ಬಿಡುತ್ತೇನೆ. ಫಾರ್ಮಲಿನ್ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತದೆ. ಅವಸರ ಮಾಡಿದರೆ ನಡುಭಾಗ ಗುಲಾಬಿ ಬಣ್ಣದಲ್ಲಿ ಮೆತ್ತಗೇ ಉಳಿದು, ನೋಡಬೇಕಾದ ಥಲಾಮಸ್ಸೇ ಚಾಕುವಿಗೆ ಅಂಟಿ ಬರುತ್ತದೆ. ಫಾರ್ಮಲಿನ್ ಆವಿ ಕ್ಯಾನ್ಸರ್‌ಕಾರಕ. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಇಲ್ಲದೆ ಡಬ್ಬಿ ತೆರೆಯಬೇಡಿ. ಕೊಯ್ಯುವ ಹಿಂದಿನ ರಾತ್ರಿಯಿಡೀ ಮೆದುಳು ಹರಿಯುವ ನೀರಿನಲ್ಲಿರಲಿ.

ಎಲ್ಲರ ಕೈಯೂ ಮೊದಲು ಹೋಗುವುದು ಮೇಲಿನ ಮಡಿಕೆಗಳತ್ತ. ನಾನು ತಳಭಾಗದಿಂದ ಶುರುಮಾಡುತ್ತೇನೆ, ಏಕೆಂದರೆ ಭಾಗಗಳ ಕೆಲಸಗಳು ಕಣ್ಣಿಗೆ ಕಾಣುವುದು ಅಲ್ಲೇ. ಮುಂದಿರುವ ದಪ್ಪ ಘ್ರಾಣ ಉಂಡೆಗಳಿಂದ ಹೊರಟ ಬಿಳಿ ಪಟ್ಟಿಯನ್ನು ಬೆರಳಿನಿಂದ ಹಿಂಬಾಲಿಸಿದರೆ ಅದು ನೇರ ಮಹಾಮಸ್ತಿಷ್ಕದ ತೊಗಟೆಗೆ, ಅಂದರೆ ಹೊರಪದರಕ್ಕೆ, ಸೇರುವುದು ಕಾಣುತ್ತದೆ. ನೋಟ, ಸದ್ದು, ಸ್ಪರ್ಶ ಎಲ್ಲವೂ ಥಲಾಮಸ್ ಮೂಲಕ ತೊಗಟೆಗೆ ಹೋಗುತ್ತವೆ; ವಾಸನೆಗೆ ಆ ನಿಲುಗಡೆ ಬೇಕಿಲ್ಲ. ಅದರ ಹಿಂದೆ ಎರಡು ದೃಷ್ಟಿ ನರಗಳು ಕೂಡಿ ಅಡ್ಡಹಾಯುವ ಜಾಗ, ಅದಕ್ಕೆ ತಾಗಿದಂತೆ ಪಿಟ್ಯೂಟರಿ. ಮನುಷ್ಯನಲ್ಲಿ ಪಿಟ್ಯೂಟರಿಯಲ್ಲಿ ಗಡ್ಡೆ ಬೆಳೆದು ಈ ಅಡ್ಡಹಾಯುವ ಜಾಗವನ್ನು ಒತ್ತಿದರೆ ಎರಡೂ ಕಣ್ಣುಗಳ ಹೊರಬದಿಯ ನೋಟ ಏಕೆ ಹೋಗುತ್ತದೆ ಎಂಬುದನ್ನು ಇಲ್ಲಿ ತೋರಿಸಿದರೆ ಸಾಕು, ವಿವರಿಸುವ ಕೆಲಸವೇ ಇರುವುದಿಲ್ಲ. ಕೊನೆಗೆ ಮೆದುಳುಕಾಂಡದ ಭಾಗಗಳು: ಪಾನ್ಸ್, ಉಸಿರು–ಎದೆಬಡಿತ ನಡೆಸುವ ಮೆಡುಲ್ಲಾ.

ಆಮೇಲೆ ನಟ್ಟನಡುವಿನ ಸೀಳು. ಸ್ಕಾಲ್ಪೆಲ್ ಅಲಗು ಗಿಡ್ಡ, ಬೇಡ. ಉದ್ದನೆಯ ಚಾಕುವನ್ನು ನೀರಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಕೊಯ್ಯಬೇಕು. ಹಿಂದೆಮುಂದೆ ಆಡಿಸಿದರೆ ಮುಖ ಗೀರುಗೀರಾಗುತ್ತದೆ. ಎರಡು ಮಿಲಿಮೀಟರ್ ತಪ್ಪಿದರೂ ನಡುಗೆರೆಯಲ್ಲಿರುವ ಪುಟ್ಟ ಪೀನಿಯಲ್ ಗ್ರಂಥಿ ಇಡಿಯಾಗಿ ಒಂದೇ ಬದಿಗೆ ಹೋಗುತ್ತದೆ. ಸರಿಯಾಗಿ ಬಂದರೆ ಎರಡು ಗೋಳಾರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್, ಅದರ ಕೆಳಗೆ ಥಲಾಮಸ್, ಹಸಿವು–ಬಾಯಾರಿಕೆ–ಮೈಬಿಸಿ ಕಾಯುವ ಹೈಪೋಥಲಾಮಸ್, ಅನುಮಸ್ತಿಷ್ಕದೊಳಗೆ ಕವಲೊಡೆದ ಬಿಳಿ ಗೆರೆಗಳು ಒಂದೇ ನೋಟಕ್ಕೆ ಸಿಗುತ್ತವೆ. ಒಂದು ಅರ್ಧವನ್ನು ಹಾಗೇ ಇಟ್ಟುಕೊಂಡು, ಇನ್ನೊಂದನ್ನು ಅಡ್ಡಕ್ಕೆ ಒಂದು ಸೆಂಟಿಮೀಟರ್ ದಪ್ಪದ ಹೋಳು ಮಾಡಿದರೆ ಬೂದು ದ್ರವ್ಯ, ಬಿಳಿ ದ್ರವ್ಯ, ಹಿಂದಿನ ಹೋಳುಗಳಲ್ಲಿ ಸುರುಳಿಯಾದ ಹಿಪೊಕ್ಯಾಂಪಸ್ ಕಾಣುತ್ತವೆ. ಹೊಸ ನೆನಪು ಕೂಡಿಡುವುದಕ್ಕೆ ಬೇಕಾದ ಭಾಗ ಅದೇ.

ಕುರಿಯಲ್ಲಿ ಸಿಗದ್ದನ್ನೂ ಹೇಳಲೇಬೇಕು. ನಮ್ಮ ಮುಂಭಾಗದ ಹಾಲೆಯ ಹರಹು ಇದರಲ್ಲಿಲ್ಲ. 1861ರಲ್ಲಿ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಗುರುತಿಸಿದ, ಮಾತಾಡಿಸುವ ಎಡಭಾಗದ ಕೇಂದ್ರ ಇದರಲ್ಲಿ ತೋರಿಸಲಾಗದು. ನಾಲ್ಕು ಕಾಲಿನ ಪ್ರಾಣಿಯಾದ್ದರಿಂದ ಮೆದುಳುಕಾಂಡ ಹಿಂದಕ್ಕೆ ಚಾಚಿರುತ್ತದೆ, ನಮ್ಮಲ್ಲಿ ಕೆಳಕ್ಕೆ ಬಾಗುತ್ತದೆ. ಸಾಧ್ಯವಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯಲಿ, ಆದರೆ ಕುರಿಯದನ್ನು ಕೊಯ್ದ ಮೇಲೆ; ಆಗಲೇ ಅವರು ಸರಿಯಾದ ಪ್ರಶ್ನೆ ಕೇಳುವುದು.